ಸಾತ್ವಿಕರ ಬಲ ಎಲ್ಲಿಂದ ಬರುತ್ತದೆ?

ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿರುವ ಧನ್ಯವಾಕ್ಯಗಳು ನಮಗೆಲ್ಲ ಬಾಯಿಪಾಠವಾಗಿವೆ. ಶಾಂತರು ಧನ್ಯರು, ಅವರು ಭೂಮಿಗೆ ಬಾಧ್ಯರಾಗುವರು ಎಂಬ ಮೂರನೆಯ ವಾಕ್ಯವನ್ನು ನಾವು ಎಷ್ಟು ಬಾರಿ ಕೇಳಿದ್ದೇವೆಂದರೆ ಅದರಲ್ಲಿರುವ ವಿಚಿತ್ರ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಆ ದಿನ ಬೆಟ್ಟದ ಮೇಲೆ ಕುಳಿತು ಇದನ್ನು ಕೇಳಿದವರು ರೋಮ್ ಸಾಮ್ರಾಜ್ಯದ ನೆರಳಿನಲ್ಲಿ ಬದುಕುತ್ತಿದ್ದ ಜನ. ಭೂಮಿ ಯಾರ ಪಾಲಾಗುತ್ತದೆ ಎಂಬುದು ಅವರಿಗೆ ಅನುಭವದಿಂದಲೇ ಗೊತ್ತಿತ್ತು. ಸೈನ್ಯವಿದ್ದವನಿಗೆ ಅದು ಸಿಗುತ್ತಿತ್ತು, ತೆರಿಗೆ ಕೊಡುವವನ ಕೈಯಿಂದ ಜಾರುತ್ತಿತ್ತು. ಅಂಥವರ ಮುಂದೆ ಯೇಸು ಮೂವತ್ತೇಳನೆಯ ಕೀರ್ತನೆಯ ಮಾತನ್ನು ಎತ್ತಿಕೊಂಡು, ದೇಶ ದೀನರಿಗೇ ಸೇರುತ್ತದೆ ಎಂದನು. ಆ ಕೀರ್ತನೆಯನ್ನು ಬಿಡುವಾದಾಗ ಪೂರ್ತಿ ಓದಿ ನೋಡಿ. ಕೆಟ್ಟವನು ಏಳಿಗೆ ಹೊಂದುವುದನ್ನು ಕಂಡು ಉರಿಯುತ್ತಿರುವ ಒಬ್ಬ ಮನುಷ್ಯನಿಗೆ, ಉರಿಗೊಳ್ಳಬೇಡ, ಯೆಹೋವನಿಗಾಗಿ ಕಾದಿರು ಎಂದು ಮತ್ತೆ ಮತ್ತೆ ಹೇಳುವ ಹಾಡು ಅದು. ಕೋಪಕ್ಕೆ ಕಾರಣವೇ ಇಲ್ಲದವನಿಗೆ ಹಾಗೆ ಹೇಳಬೇಕಾದ ಅಗತ್ಯವಿರುವುದಿಲ್ಲ.

ಇದಕ್ಕೆ ಒಂದು ಆಕ್ಷೇಪವಿದೆ, ಅದನ್ನು ಮೊದಲೇ ಎದುರಿಸಿಬಿಡೋಣ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ತತ್ತ್ವಜ್ಞಾನಿ ನೀಚೆ ಕ್ರೈಸ್ತ ನೀತಿಯ ಮೇಲೆ ಹೊರಿಸಿದ ಆರೋಪ ಸರಿಸುಮಾರು ಹೀಗಿದೆ: ಸೇಡು ತೀರಿಸಿಕೊಳ್ಳಲು ಶಕ್ತಿಯಿಲ್ಲದವರು ತಮ್ಮ ಅಸಹಾಯಕತೆಗೆ ದೀನತೆ ಎಂದು ಹೆಸರಿಟ್ಟು, ಅದನ್ನೇ ಸದ್ಗುಣವೆಂದು ಕೊಂಡಾಡಿದರು. ಈ ಮಾತನ್ನು ನಾಸ್ತಿಕನ ಮಾತೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ಪ್ರಾಮಾಣಿಕವಾಗದು. ಏಕೆಂದರೆ ನಮ್ಮ ಸಭೆಗಳಲ್ಲಿ ಎಷ್ಟೋ ಸಲ ನಾವು ದೀನತೆಯೆಂದು ಹೊಗಳುವುದು ನಿಜಕ್ಕೂ ಅಂಜಿಕೆಯನ್ನೇ. ಎದುರು ಮಾತಾಡಲು ಧೈರ್ಯವಿಲ್ಲದೆ ಸುಮ್ಮನಿದ್ದವನಿಗೆ ‘ಬಹಳ ಸಾತ್ವಿಕ’ ಎಂಬ ಬಿರುದು ಸಿಗುತ್ತದೆ. ಹಾಗಾದರೆ ಸತ್ಯವೇದವು ಸಾತ್ವಿಕನೆಂದು ಕರೆದ ಮನುಷ್ಯ ಯಾರೆಂದು ನೋಡಬೇಕಾಗುತ್ತದೆ.

ಅವನು ಮೋಶೆ. ಅರಣ್ಯಕಾಂಡದ ಹನ್ನೆರಡನೆಯ ಅಧ್ಯಾಯವು ಅವನನ್ನು ಭೂಮಿಯ ಮೇಲಿರುವ ಎಲ್ಲ ಮನುಷ್ಯರಿಗಿಂತಲೂ ಬಹು ಸಾತ್ವಿಕನೆಂದು ಹೇಳುತ್ತದೆ. (ಇದನ್ನು ಮೋಶೆಯೇ ಬರೆದುಕೊಂಡಿದ್ದರೆ ಅವನು ಸಾತ್ವಿಕನಾಗಿರುವುದು ಹೇಗೆ ಎಂದು ಭಾನುವಾರದ ತರಗತಿಯ ಮಕ್ಕಳು ಕೇಳುವುದುಂಟು. ಒಳ್ಳೆಯ ಪ್ರಶ್ನೆ. ಈ ವಾಕ್ಯವನ್ನು ಮುಂದೆ ಬೇರೊಬ್ಬರು ಸೇರಿಸಿರಬೇಕೆಂದು ಅನೇಕ ವಿದ್ವಾಂಸರು ಎಣಿಸುತ್ತಾರೆ. ನನಗೂ ಅದು ಸರಿಯೆನಿಸುತ್ತದೆ.) ಆ ವಾಕ್ಯ ಎಲ್ಲಿ ಬರುತ್ತದೆ ಎಂಬುದನ್ನು ಗಮನಿಸಿ. ಸ್ವಂತ ಅಕ್ಕ ಮಿರ್ಯಾಮಳೂ ಅಣ್ಣ ಆರೋನನೂ, ಅವನು ಮದುವೆಯಾದ ಕೂಷ್ ದೇಶದ ಸ್ತ್ರೀಯ ನೆವದಲ್ಲಿ, ಯೆಹೋವನು ಇವನ ಮೂಲಕ ಮಾತ್ರ ಮಾತಾಡಿದನೋ, ನಮ್ಮ ಮೂಲಕವೂ ಮಾತಾಡಲಿಲ್ಲವೋ ಎಂದು ಅವನ ಸ್ಥಾನವನ್ನೇ ಪ್ರಶ್ನಿಸಿದ ಸಂದರ್ಭವದು. ಹೊರಗಿನವರ ದೂರಿಗಿಂತ ಒಡಹುಟ್ಟಿದವರ ದೂರು ಆಳಕ್ಕೆ ಇಳಿಯುತ್ತದೆ ಎಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಮೋಶೆ ತನ್ನ ಪರವಾಗಿ ಒಂದು ಮಾತನ್ನೂ ಆಡಿದ ದಾಖಲೆಯಿಲ್ಲ. ದೇವರೇ ಮಾತಾಡುತ್ತಾನೆ. ಮಿರ್ಯಾಮಳಿಗೆ ತೊನ್ನು ಹತ್ತಿದ ಮೇಲೆ ಮೋಶೆಯ ಬಾಯಿ ತೆರೆಯುತ್ತದೆ. ದೇವರೇ, ಇವಳನ್ನು ವಾಸಿಮಾಡು ಎಂಬ ಅತಿ ಚಿಕ್ಕ ಮೊರೆಯಷ್ಟೇ ಅಲ್ಲಿಂದ ಹೊರಡುತ್ತದೆ.

ಇದರ ಹಿಂದಿನ ಅಧ್ಯಾಯದಲ್ಲಿಯೂ ಇಂಥದೇ ಒಂದು ಘಟನೆಯಿದೆ. ಎಲ್ದಾದ್ ಮತ್ತು ಮೇದಾದ್ ಎಂಬ ಇಬ್ಬರು ಪಾಳೆಯದಲ್ಲಿ ಪ್ರವಾದಿಸುತ್ತಿದ್ದಾಗ, ಯುವಕನೊಬ್ಬನು ಓಡಿಬಂದು ಸುದ್ದಿ ತಿಳಿಸಿದನು, ಅವರನ್ನು ತಡೆಯಬೇಕೆಂದು ಯೆಹೋಶುವನು ಮೋಶೆಯನ್ನು ಕೇಳಿಕೊಂಡನು. ನನ್ನ ಪರವಾಗಿ ನೀನು ಹೊಟ್ಟೆಕಿಚ್ಚುಪಡುತ್ತೀಯಾ, ಯೆಹೋವನ ಜನರೆಲ್ಲರೂ ಪ್ರವಾದಿಗಳಾದರೆ ಎಷ್ಟೋ ಒಳ್ಳೆಯದು ಎಂಬರ್ಥದಲ್ಲಿ ಮೋಶೆ ಉತ್ತರಿಸಿದನು. ನಾಯಕನ ಸ್ಥಾನವನ್ನು ನಾಯಕನಿಗಿಂತ ಹೆಚ್ಚಾಗಿ ಕಾಯುವ ಹಿಂಬಾಲಕರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಅವರ ನಿಷ್ಠೆಯನ್ನು ಒಪ್ಪಿಕೊಂಡು, ಅವರ ಹೊಟ್ಟೆಕಿಚ್ಚನ್ನು ಒಪ್ಪದಿರುವುದು ಸಣ್ಣ ಕೆಲಸವಲ್ಲ.

ಆದರೆ ಇದೇ ಮನುಷ್ಯನು ಫರೋಹನ ಅರಮನೆಗೆ ಮತ್ತೆ ಮತ್ತೆ ಹೋಗಿ ನನ್ನ ಜನರನ್ನು ಬಿಡು ಎಂಬ ದೇವರ ಆಜ್ಞೆಯನ್ನು ಅವನ ಮುಖದೆದುರಿಗೇ ಹೇಳಿದವನು. ಬಂಗಾರದ ಬಸವನನ್ನು ಕಂಡಾಗ ಕೋಪಾವೇಶದಿಂದ ಕಲ್ಲಿನ ಹಲಗೆಗಳನ್ನು ಬೆಟ್ಟದ ಬುಡದಲ್ಲಿ ಒಡೆದುಹಾಕಿದವನು. ಆ ಸಂದರ್ಭದಲ್ಲಿ ದೇವರು, ಈ ಜನರನ್ನು ಭಸ್ಮಮಾಡಿ ನಿನ್ನಿಂದಲೇ ಒಂದು ದೊಡ್ಡ ಜನಾಂಗವನ್ನು ಹುಟ್ಟಿಸುವೆನು ಎಂದಿದ್ದನು. ಮಹತ್ವಾಕಾಂಕ್ಷೆಯಿದ್ದವನಿಗೆ ಇದಕ್ಕಿಂತ ದೊಡ್ಡ ಆಮಿಷ ಮತ್ತೊಂದಿಲ್ಲ. ಮೋಶೆ ಅದನ್ನು ಬಯಸಲಿಲ್ಲ. ಇವರನ್ನು ಕ್ಷಮಿಸು, ಇಲ್ಲವಾದರೆ ನಿನ್ನ ಪಟ್ಟಿಯಿಂದ ನನ್ನ ಹೆಸರನ್ನೂ ಅಳಿಸಿಬಿಡು ಎಂದು ದೇವರೊಡನೆಯೇ ವಾದಿಸಿದನು. ದೇವರೊಡನೆ ಹೀಗೆ ವಾದಿಸಿದವನನ್ನು ಅಂಜುಬುರುಕನೆಂದು ಯಾರೂ ಹೇಳಲಾರರು. ದೇವರ ಮಾನಕ್ಕೂ ಜನರ ಬದುಕಿಗೂ ಕುತ್ತು ಬಂದಾಗ ಸಿಡಿಯುವ ಈ ಮನುಷ್ಯ, ತನ್ನ ಮೇಲೆಯೇ ದಾಳಿ ನಡೆದಾಗ ಸುಮ್ಮನಿದ್ದುಬಿಡುತ್ತಾನೆ. ನಾನು ಈ ಹೊತ್ತು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ: ಸಾತ್ವಿಕನಲ್ಲಿ ಬಲ ಕಡಿಮೆಯಿರುವುದಿಲ್ಲ, ತನ್ನನ್ನು ಕಾಪಾಡಿಕೊಳ್ಳುವ ಕೆಲಸದಿಂದ ಬಿಡುಗಡೆಯಾದ ಬಲ ಅವನಲ್ಲಿ ಇತರರಿಗಾಗಿ ಉಳಿದಿರುತ್ತದೆ. ನಮ್ಮಲ್ಲಿ ಅನೇಕರ ಶಕ್ತಿ ಎಲ್ಲಿ ಸೋರಿಹೋಗುತ್ತಿದೆ ಎಂದು ಲೆಕ್ಕ ಹಾಕಿ ನೋಡಿ. ಯಾರು ಏನೆಂದರು, ನನ್ನ ಹೆಸರನ್ನು ಏಕೆ ಹೇಳಲಿಲ್ಲ, ಅವರಿಗೆ ಕೊಟ್ಟ ಗೌರವ ನನಗೇಕಿಲ್ಲ ಎಂಬ ಕಾವಲಿನಲ್ಲಿಯೇ ಅದರ ಬಹುಭಾಗ ಮುಗಿದಿರುತ್ತದೆ.

ಇದು ಮೋಶೆಗೆ ಹುಟ್ಟಿನಿಂದ ಬಂದ ಸ್ವಭಾವವೂ ಆಗಿರಲಿಲ್ಲ. ಯೌವನದಲ್ಲಿ ಐಗುಪ್ತದವನೊಬ್ಬನನ್ನು ಹೊಡೆದು ಕೊಂದು ಮರಳಿನಲ್ಲಿ ಮುಚ್ಚಿಟ್ಟವನು ಅವನು. ಆಮೇಲೆ ಮಿದ್ಯಾನಿನಲ್ಲಿ ಮಾವನ ಕುರಿ ಕಾಯುತ್ತ ನಲವತ್ತು ವರ್ಷ ಕಳೆದನೆಂದು ಅಪೊಸ್ತಲರ ಕೃತ್ಯಗಳಲ್ಲಿ ಸ್ತೆಫನನು ಹೇಳುತ್ತಾನೆ. ಸಾತ್ವಿಕತೆ ಒಮ್ಮೆ ಬಂದರೆ ಕೊನೆಯವರೆಗೂ ಇರುತ್ತದೆ ಎನ್ನುವಂತೆಯೂ ಇಲ್ಲ. ಅರಣ್ಯಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿ ಬಂಡೆಗೆ ಮಾತಾಡಬೇಕೆಂದು ಅಪ್ಪಣೆಯಾಗಿದ್ದರೂ ಜನರನ್ನು ಬೈದು ಅದನ್ನು ಎರಡು ಸಲ ಹೊಡೆದನು, ವಾಗ್ದಾನದ ದೇಶದೊಳಗೆ ಕಾಲಿಡುವ ಅವಕಾಶವನ್ನು ಕಳೆದುಕೊಂಡನು. ಆದರೆ ಇಪ್ಪತ್ತೇಳನೆಯ ಅಧ್ಯಾಯದಲ್ಲಿ, ನೀನು ಆ ದೇಶವನ್ನು ದೂರದಿಂದ ನೋಡಿ ಸಾಯುವೆ ಎಂಬ ತೀರ್ಪು ಬಂದಾಗ ಅಲ್ಲಿ ಅವನ ಬಾಯಿಂದ ಬಂದ ಮಾತು ತನ್ನ ಬಗ್ಗೆ ಆಗಿರಲಿಲ್ಲ. ಈ ಸಮೂಹ ಕುರುಬನಿಲ್ಲದ ಕುರಿಗಳಂತೆ ಆಗದಿರಲಿ, ಇವರ ಮೇಲೆ ಒಬ್ಬನನ್ನು ನೇಮಿಸು ಎಂದು ಬೇಡಿದನು.

ಇನ್ನೊಂದು ಉದಾಹರಣೆಯನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದನ್ನು ಕುರಿತು ಪ್ರಸಂಗಗಳು ಕಡಿಮೆ. ಆದಿಕಾಂಡದ ಇಪ್ಪತ್ತಾರನೆಯ ಅಧ್ಯಾಯದಲ್ಲಿ ಇಸಾಕನು ಗೆರಾರಿನಲ್ಲಿ ಬಿತ್ತಿ ನೂರರಷ್ಟು ಬೆಳೆದಾಗ, ಫಿಲಿಷ್ಟಿಯರು ಹೊಟ್ಟೆಕಿಚ್ಚಿನಿಂದ ಅವನ ತಂದೆಯ ಕಾಲದ ಬಾವಿಗಳನ್ನು ಮಣ್ಣು ತುಂಬಿ ಮುಚ್ಚಿಬಿಟ್ಟರು. ಅರಸನಾದ ಅಬೀಮೆಲೆಕನು ಅವನನ್ನು ಕರೆದು, ನೀನು ನಮಗಿಂತ ಬಲಿಷ್ಠನಾದೆ, ನಮ್ಮನ್ನು ಬಿಟ್ಟು ಹೋಗು ಎಂದನು. ಯಾರು ಬಲಿಷ್ಠರೆಂಬುದನ್ನು ಅರಸನೇ ಒಪ್ಪಿಕೊಂಡಿದ್ದಾನೆ, ನೋಡಿ. ಆದರೂ ಇಸಾಕನು ಹೋದನು. ಕಣಿವೆಯಲ್ಲಿ ತೋಡಿದ ಹೊಸ ಬಾವಿಗೆ ಜಗಳ ಬಂತು, ಅದನ್ನು ಬಿಟ್ಟನು. ಇನ್ನೊಂದಕ್ಕೂ ಜಗಳ ಬಂತು, ಅದನ್ನೂ ಬಿಟ್ಟನು. ಮೂರನೆಯದಕ್ಕೆ ಯಾರೂ ಬರಲಿಲ್ಲ. ಕಡೆಗೆ ಬೇರ್ಷೆಬಕ್ಕೆ ಅದೇ ಅರಸನು ಸೇನಾಪತಿಯೊಡನೆ ಬಂದು ಒಪ್ಪಂದ ಮಾಡಿಕೊಳ್ಳೋಣವೆಂದಾಗ ಇಸಾಕನು ಹಲ್ಲುಗಿಂಜಲಿಲ್ಲ. ನನ್ನನ್ನು ದ್ವೇಷಿಸಿ ಹೊರಡಿಸಿದ ನೀವು ಈಗ ಬಂದದ್ದೇಕೆ ಎಂದು ನೇರವಾಗಿ ಕೇಳಿದನು. ಆಮೇಲೆ ಅವರಿಗೆ ಔತಣ ಮಾಡಿಸಿದನು. ಮೊದಲು ನಡೆದದ್ದನ್ನು ಹೆಸರಿಟ್ಟು ಹೇಳಿ ಆಮೇಲೆ ಊಟ ಹಾಕಿದ್ದನ್ನು ನಾನು ಬಹಳ ಮೆಚ್ಚುತ್ತೇನೆ. ನಾವು ಸಾಮಾನ್ಯವಾಗಿ ಇವುಗಳಲ್ಲಿ ಒಂದನ್ನು ಮಾತ್ರ ಮಾಡುತ್ತೇವೆ.

ಈಗ ಯೇಸುವಿನ ಕಡೆಗೆ ಬರೋಣ. ನಾನು ಸಾತ್ವಿಕನೂ ದೀನಮನಸ್ಸುಳ್ಳವನೂ ಆಗಿದ್ದೇನೆ, ನನ್ನಲ್ಲಿ ಕಲಿತುಕೊಳ್ಳಿರಿ ಎಂದು ಆತನೇ ಹೇಳಿದ್ದಾನೆ. ಆತನು ಶಿಷ್ಯರ ಕಾಲುಗಳನ್ನು ತೊಳೆದ ವೃತ್ತಾಂತವನ್ನು ಯೋಹಾನನು ಹೇಗೆ ಆರಂಭಿಸುತ್ತಾನೆಂದು ಒಮ್ಮೆ ನಿಧಾನವಾಗಿ ಓದಬೇಕು. ತಂದೆಯು ಎಲ್ಲವನ್ನೂ ತನ್ನ ಕೈಯಲ್ಲಿ ಕೊಟ್ಟಿದ್ದಾನೆಂದೂ, ತಾನು ದೇವರ ಬಳಿಯಿಂದ ಹೊರಟುಬಂದವನೆಂದೂ, ದೇವರ ಬಳಿಗೇ ಹೋಗುವವನೆಂದೂ ಯೇಸು ಅರಿತವನಾಗಿ, ಊಟದಿಂದ ಎದ್ದು, ಮೇಲ್ಹೊದಿಕೆಯನ್ನು ತೆಗೆದಿಟ್ಟು, ಸೊಂಟಕ್ಕೆ ಕೈಪಾವಡವನ್ನು ಕಟ್ಟಿಕೊಂಡನು. ಅಷ್ಟೊಂದು ಅಧಿಕಾರವಿದ್ದರೂ ಆತನು ತಗ್ಗಿದನು ಎಂದು ನಾವು ಇದನ್ನು ಓದುವುದು ವಾಡಿಕೆ. ಯೋಹಾನನ ವಾಕ್ಯದ ಓಟ ನನಗೆ ಬೇರೆಯದನ್ನು ಹೇಳುತ್ತದೆ: ಆತನಿಗೆ ತಾನು ಯಾರೆಂದು ತಿಳಿದಿತ್ತು, ಅದರಿಂದಲೇ ತಗ್ಗಲು ಸಾಧ್ಯವಾಯಿತು. ಆ ಮೇಜಿನ ಸುತ್ತ ಕುಳಿತವರು ತಮ್ಮಲ್ಲಿ ದೊಡ್ಡವನು ಯಾರೆಂದು ಆ ರಾತ್ರಿಯೇ ಚರ್ಚಿಸಿದರೆಂದು ಲೂಕನು ಬರೆದಿದ್ದಾನೆ. ತನ್ನ ಸ್ಥಾನದ ಬಗ್ಗೆ ಸಂಶಯವಿದ್ದವನು ಇನ್ನೊಬ್ಬರ ಪಾದದ ಬಳಿ ಕುಳಿತುಕೊಳ್ಳಲಾರ. ಕುಳಿತರೆ ಎಲ್ಲಿ ಅಲ್ಲಿಯೇ ಉಳಿದುಬಿಡುತ್ತೇನೋ ಎಂಬ ಭಯ ಅವನಿಗಿರುತ್ತದೆ. ಯೇಸು ತೊಳೆದ ಕಾಲುಗಳಲ್ಲಿ ಯೂದನ ಕಾಲುಗಳೂ ಇದ್ದವು ಎಂಬುದನ್ನೂ ಮರೆಯಬೇಡಿ.

ಅದೇ ರಾತ್ರಿ ಮಹಾಯಾಜಕನ ಮುಂದೆ ವಿಚಾರಣೆಯಾಗುವಾಗ ಒಬ್ಬ ಓಲೇಕಾರನು ಯೇಸುವಿನ ಕೆನ್ನೆಗೆ ಹೊಡೆದನು. ಇನ್ನೊಂದು ಕೆನ್ನೆಯನ್ನೂ ತೋರಿಸಿರಿ ಎಂದು ಕಲಿಸಿದ ಗುರು ಆಗ ಏನು ಮಾಡಿದನು? ನಾನು ತಪ್ಪಾಗಿ ಮಾತಾಡಿದ್ದರೆ ತಪ್ಪೇನೆಂಬುದನ್ನು ತೋರಿಸು, ಸರಿಯಾಗಿ ಮಾತಾಡಿದ್ದರೆ ನನ್ನನ್ನು ಏಕೆ ಹೊಡೆಯುತ್ತೀ ಎಂದು ಕೇಳಿದನು. ಆತನು ಕೈ ಎತ್ತಲಿಲ್ಲ, ಶಪಿಸಲಿಲ್ಲ, ಆದರೆ ಅನ್ಯಾಯವನ್ನು ನ್ಯಾಯವೆಂದು ಒಪ್ಪಿಕೊಳ್ಳಲೂ ಇಲ್ಲ. ಹೊಡೆದವನನ್ನು ಯೋಚಿಸಬಲ್ಲ ಮನುಷ್ಯನೆಂದು ಎಣಿಸಿ ಅವನ ಮುಂದೆ ಒಂದು ಪ್ರಶ್ನೆಯನ್ನಿಟ್ಟನು.

ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ದೀನತೆಯನ್ನು ಯಾರು ಯಾರಿಗೆ ಬೋಧಿಸುತ್ತಿದ್ದಾರೆ ಎಂದು ನಾವು ಯಾವಾಗಲೂ ಕೇಳಿಕೊಳ್ಳಬೇಕು. 1807ರಲ್ಲಿ ಲಂಡನ್ನಿನಲ್ಲಿ, ಬ್ರಿಟಿಷ್ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿದ್ದ ಗುಲಾಮರಿಗೆಂದು ಆಯ್ದ ಭಾಗಗಳ ಒಂದು ಬೈಬಲನ್ನು ಅಚ್ಚುಹಾಕಿಸಿದರು. ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಮಾತು ಅದರಲ್ಲಿ ಉಳಿದಿತ್ತು. ಇಸ್ರಾಯೇಲ್ಯರು ದಾಸತ್ವದಿಂದ ಹೊರಟುಬಂದ ಕಥೆಯನ್ನು ತೆಗೆದುಹಾಕಲಾಗಿತ್ತು. ಅಂದರೆ ಭೂಮಿಯ ಮೇಲಣ ಅತ್ಯಂತ ಸಾತ್ವಿಕ ಮನುಷ್ಯನು ಫರೋಹನ ಮುಂದೆ ನಿಂತದ್ದನ್ನು ಮರೆಮಾಡದೆ ಅವರಿಗೆ ಬೇಕಾದ ರೀತಿಯ ಸಾತ್ವಿಕತೆಯನ್ನು ಕಲಿಸಲು ಆಗುತ್ತಿರಲಿಲ್ಲ! ಮನೆಯಲ್ಲಿ ಹೊಡೆತ ತಿನ್ನುವ ಹೆಂಡತಿಗೆ ತಗ್ಗಿ ನಡೆಯಮ್ಮ ಎಂದು ಬುದ್ಧಿ ಹೇಳಿ, ಹೊಡೆಯುವ ಗಂಡನಿಗೆ ಏನೂ ಹೇಳದೆ ಕಳುಹಿಸುವ ಸಭಾಹಿರಿಯರು ಮಾಡುವುದೂ ಇದನ್ನೇ. ದೀನತೆಯ ಬೋಧನೆ ಮೊದಲು ಬಲವಿದ್ದವನ ಬಾಗಿಲಿಗೆ ಹೋಗಬೇಕು.

ಪೌಲನ ಬಾಳಿನಲ್ಲಿ ಇದರ ಎರಡೂ ಮುಖಗಳು ಒಂದೇ ಊರಿನಲ್ಲಿ ಕಾಣಸಿಗುತ್ತವೆ. ಫಿಲಿಪ್ಪಿ ರೋಮಿನ ವಸಾಹತು, ಕ್ರಿ.ಪೂ. 42ರ ಯುದ್ಧದ ತರುವಾಯ ನಿವೃತ್ತ ಸೈನಿಕರಿಗೆ ಅಲ್ಲಿ ಜಮೀನು ಕೊಟ್ಟು ನೆಲೆಗೊಳಿಸಿದ್ದರು. ಪೌರತ್ವ, ಪದವಿ, ಬಿರುದುಗಳೆಂದರೆ ಅಲ್ಲಿಯವರಿಗೆ ಪ್ರಾಣ. ಆ ಊರಿನ ಅಧಿಕಾರಿಗಳು ಪೌಲಸೀಲರನ್ನು ವಿಚಾರಣೆಯಿಲ್ಲದೆ ಬೆತ್ತಗಳಿಂದ ಹೊಡೆಸಿ ಸೆರೆಗೆ ಹಾಕಿಸಿದರು, ಮರುದಿನ ಗುಟ್ಟಾಗಿ ಬಿಟ್ಟುಬಿಡಲು ನೋಡಿದರು. ಪೌಲನು ಒಪ್ಪಲಿಲ್ಲ. ರೋಮ್ ಪೌರರಾದ ನಮ್ಮನ್ನು ಎಲ್ಲರ ಮುಂದೆ ಹೊಡೆಸಿ ಈಗ ಕದ್ದು ಕಳುಹಿಸುತ್ತಾರೋ, ಅವರೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದನು. ಅವರು ಬಂದು ಬೇಡಿಕೊಂಡರು. ಇದು ಅಹಂಕಾರವೇ? ಅವನು ಆ ಊರನ್ನು ಬಿಟ್ಟು ಹೊರಡುವವನಿದ್ದ, ಆದರೆ ಲುದ್ಯಳೂ ಸೆರೆಯ ಯಜಮಾನನೂ ಹೊಸದಾಗಿ ನಂಬಿದ ಇತರರೂ ಅಲ್ಲಿಯೇ ಬದುಕಬೇಕಾಗಿತ್ತು. ಅವರನ್ನು ಅಪರಾಧಿಗಳ ಹಿಂಬಾಲಕರೆಂದು ಯಾರೂ ಕಾಡದಿರಲಿ ಎಂದೇ ಪೌಲನು ಪಟ್ಟು ಹಿಡಿದನೆಂದು ನಾನು ಓದಿಕೊಳ್ಳುತ್ತೇನೆ. ಹೊಡೆತ ಬೀಳುವ ಮೊದಲೇ ಪೌರತ್ವವನ್ನು ಹೇಳಿಕೊಂಡು ತಪ್ಪಿಸಿಕೊಂಡನೆಂದು ಆ ಅಧ್ಯಾಯದಲ್ಲಿ ಎಲ್ಲಿಯೂ ಇಲ್ಲ. ಮುಂದೆ ಅದೇ ಫಿಲಿಪ್ಪಿಯ ಸಭೆಗೆ ಪತ್ರ ಬರೆಯುವಾಗ, ದೇವಸ್ವರೂಪನಾಗಿದ್ದವನು ತನ್ನನ್ನು ಬರಿದು ಮಾಡಿಕೊಂಡು, ದಾಸನ ರೂಪವನ್ನು ಧರಿಸಿ, ಶಿಲುಬೆಯ ಮರಣದವರೆಗೂ ವಿಧೇಯನಾದನು ಎಂದು ಕ್ರಿಸ್ತನನ್ನು ಅವರ ಮುಂದೆ ಇಟ್ಟನು. ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವುದನ್ನೇ ಬಾಳೆಂದು ತಿಳಿದ ಊರಿಗೆ, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದವನ ಚರಿತ್ರೆ.

ನಮಗೆ ಹತ್ತಿರದ ಕಾಲದಲ್ಲಿ, 1956ರ ಜನವರಿ 30ರಂದು, ಅಮೆರಿಕದ ಮಾಂಟ್ಗೊಮರಿ ನಗರದಲ್ಲಿ ಪಾಸ್ಟರ್ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಯ ಮೇಲೆ ಬಾಂಬ್ ಎಸೆದರು. ಅವರ ಹೆಂಡತಿಯೂ ಎಳೆಯ ಮಗಳೂ ಒಳಗಿದ್ದರು, ಗಾಯವಾಗದೆ ಉಳಿದರು. ಸುದ್ದಿ ತಿಳಿದು ಆಯುಧಗಳನ್ನು ಹಿಡಿದು ನೆರೆದ ಜನರಿಗೆ, ಆಗ ಇಪ್ಪತ್ತೇಳು ವರ್ಷದವರಾಗಿದ್ದ ಕಿಂಗ್, ಆಯುಧಗಳನ್ನು ಮನೆಗೆ ಕೊಂಡೊಯ್ಯಿರಿ, ವೈರಿಗಳನ್ನು ಪ್ರೀತಿಸಬೇಕು ಎಂದು ಹೇಳಿ ಅವರನ್ನು ಹಿಂದಕ್ಕೆ ಕಳುಹಿಸಿದರು. ಬಸ್ ಬಹಿಷ್ಕಾರವನ್ನು ಮಾತ್ರ ನಿಲ್ಲಿಸಲಿಲ್ಲ. ಬಸ್ಸುಗಳಲ್ಲಿನ ವರ್ಣಭೇದವನ್ನು ನ್ಯಾಯಾಲಯವು ರದ್ದುಮಾಡುವವರೆಗೆ ಅದು ಒಂದು ವರ್ಷಕ್ಕೂ ಮೀರಿ ನಡೆಯಿತು.

ಹುಸಿ ದೀನತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿಯೇ ಅದರ ಎಚ್ಚರಿಕೆಯಿದೆ. ನಾನು ಯಾವುದಕ್ಕೂ ಬಾರದವನು ಎಂದು ಸದಾ ಹೇಳಿಕೊಳ್ಳುವವನ ಮಾತಿಗೆ ಯಾರಾದರೂ ಹೌದು ಎಂದುಬಿಟ್ಟರೆ ಅವನ ಮುಖ ಹೇಗಾಗುತ್ತದೆ ಎಂದು ನೀವೆಲ್ಲ ಬಲ್ಲಿರಿ.

ಈ ಗುಣ ಒಂದು ಸಭೆಯ ಮಧ್ಯದಲ್ಲಿ, ದಿನನಿತ್ಯದ ಕಿರಿಕಿರಿಗಳ ನಡುವೆ, ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ನಾನು ಮತ್ತೆ ಮತ್ತೆ ನೆನೆಯುವ ಹೆಸರು ಚಾರ್ಲ್ಸ್ ಸಿಮಿಯನ್ ಅವರದು. 1782ರಲ್ಲಿ, ಇಪ್ಪತ್ಮೂರು ವರ್ಷದ ಯುವಕರಾಗಿದ್ದಾಗ, ಇಂಗ್ಲೆಂಡಿನ ಕೇಂಬ್ರಿಜ್ ನಗರದ ಹೋಲಿ ಟ್ರಿನಿಟಿ ಚರ್ಚಿನ ಹೊಣೆಯನ್ನು ಬಿಷಪರು ಅವರಿಗೆ ಒಪ್ಪಿಸಿದರು. ಸಭೆಯವರಿಗೆ ಬೇಕಾಗಿದ್ದವರು ಬೇರೊಬ್ಬರು. ಆ ಕಾಲದಲ್ಲಿ ಚರ್ಚಿನ ಆಸನಗಳಿಗೆ ಬಾಗಿಲುಗಳಿದ್ದವು, ಅವು ಕುಟುಂಬಗಳ ಸ್ವಾಧೀನದಲ್ಲಿದ್ದವು. ಸಭೆಯವರು ತಮ್ಮ ಆಸನಗಳಿಗೆ ಬೀಗ ಹಾಕಿ ಆರಾಧನೆಗೆ ಬರುವುದನ್ನೇ ಬಿಟ್ಟರು. ಕೇಳಲು ಬಂದ ಬಡವರು ನಡುದಾರಿಯಲ್ಲಿ ನಿಂತೇ ಪ್ರಸಂಗ ಕೇಳಬೇಕಾಯಿತು. ಸಿಮಿಯನ್ ಸ್ವಂತ ಖರ್ಚಿನಲ್ಲಿ ಬೆಂಚುಗಳನ್ನು ಹಾಕಿಸಿದರೆ ಚರ್ಚಿನ ವ್ಯವಸ್ಥಾಪಕರು ಅವನ್ನು ಹೊರಗೆ ಎಸೆದರು. ಸಂಜೆಯ ಆರಾಧನೆ ಆರಂಭಿಸಿದರೆ ಚರ್ಚಿನ ಬಾಗಿಲಿಗೇ ಬೀಗ ಬಿತ್ತು. ಭಾನುವಾರ ಮಧ್ಯಾಹ್ನದ ಉಪನ್ಯಾಸವನ್ನು ಸಭೆಯವರು ಹನ್ನೆರಡು ವರ್ಷಗಳ ಕಾಲ ಇತರರಿಗೇ ಕೊಟ್ಟರು. ಇದನ್ನೆಲ್ಲ ಸಹಿಸಿದವರು ಸ್ವಭಾವದಿಂದ ತಣ್ಣಗಿನ ಮನುಷ್ಯರಾಗಿರಲಿಲ್ಲ, ಮುಂಗೋಪಿಯೆಂದೇ ಗೆಳೆಯರು ಅವರನ್ನು ಬಲ್ಲವರಾಗಿದ್ದರು. ಕರ್ತನ ದಾಸನು ಜಗಳವಾಡಬಾರದು ಎಂದು ತಿಮೊಥೆಯನಿಗೆ ಬರೆದ ಮಾತನ್ನು ಅವರು ತಮಗೆ ಹೇಳಿದ್ದೆಂದೇ ಹಿಡಿದುಕೊಂಡರು. ಅವರು ಪ್ರಸಂಗವನ್ನೂ ನಿಲ್ಲಿಸಲಿಲ್ಲ, ತಮ್ಮ ಬೋಧನೆಯನ್ನೂ ಜನರ ರುಚಿಗೆ ತಕ್ಕಂತೆ ಮೆತ್ತಗೆ ಮಾಡಲಿಲ್ಲ. 1836ರಲ್ಲಿ ತೀರಿಕೊಳ್ಳುವವರೆಗೆ, ಐವತ್ತನಾಲ್ಕು ವರ್ಷ, ಅದೇ ಚರ್ಚಿನ ಪಾಲಕರಾಗಿಯೇ ಉಳಿದರು. ಹೊಸ ಒಡಂಬಡಿಕೆಯನ್ನು ಉರ್ದು ಮತ್ತು ಪಾರ್ಸಿ ಭಾಷೆಗಳಿಗೆ ತಂದ ಹೆನ್ರಿ ಮಾರ್ಟಿನ್ ಎಂಬವರು ಸಿಮಿಯನ್ನರ ಸಹಾಯಕರಾಗಿದ್ದವರೇ. ಮೊದಲ ವರ್ಷಗಳಲ್ಲಿ ಸಿಮಿಯನ್ ಮೊಕದ್ದಮೆ ಹೂಡಿಯೋ ಸಿಟ್ಟಿನಿಂದ ಊರು ಬಿಟ್ಟೋ ಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ, ನಾನಂತೂ ಎನ್ನುತ್ತಿರಲಿಲ್ಲ.

ಹಾಗಾದರೆ ಇದನ್ನು ಕಲಿಯುವುದು ಎಲ್ಲಿಂದ ಎಂದು ನೀವು ಕೇಳಬಹುದು. ಅವಮಾನವನ್ನು ಸಹಿಸುವುದರಿಂದ ಎಂದು ಹಿರಿಯರು ಹೇಳುತ್ತಾರೆ. ಅದಕ್ಕಿಂತ ಮೊದಲಿನ ಪಾಠ, ನನ್ನ ಎಣಿಕೆಯಲ್ಲಿ, ತಿದ್ದಿಸಿಕೊಳ್ಳುವುದು. ಅಪೊಸ್ತಲರ ಕೃತ್ಯಗಳ ಹದಿನೆಂಟನೆಯ ಅಧ್ಯಾಯದಲ್ಲಿ ಅಲೆಕ್ಸಾಂದ್ರಿಯದ ಅಪೊಲ್ಲೋಸನು ಎಫೆಸಕ್ಕೆ ಬರುತ್ತಾನೆ. ಅವನು ವಾಕ್ಚಾತುರ್ಯವುಳ್ಳವನು, ಶಾಸ್ತ್ರಗಳಲ್ಲಿ ಪ್ರವೀಣನು. ಅವನ ಪ್ರಸಂಗ ಕೇಳಿದ ಪ್ರಿಸ್ಕಿಲ್ಲಳೂ ಅಕ್ವಿಲನೂ ಗುಡಾರ ಮಾಡುವ ಕಸುಬಿನವರು. ಅವರು ಅವನನ್ನು ಸಭಾಮಂದಿರದಲ್ಲಿ ಎಲ್ಲರೆದುರು ಹಿಡಿದು ನಿಲ್ಲಿಸಲಿಲ್ಲ, ತಮ್ಮ ಬಳಿಗೆ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು. ತಪ್ಪಿನಲ್ಲಿ ಸಿಕ್ಕಿದವನನ್ನು ಶಾಂತಭಾವದಿಂದ ತಿದ್ದಿ ಸರಿಮಾಡಿರಿ ಎಂದು ಗಲಾತ್ಯದವರಿಗೆ ಬರೆದದ್ದು ಹೀಗೆಯೇ ನಡೆಯಬೇಕು. ಇನ್ನು ಆ ವಾಗ್ಮಿಯ ಪಕ್ಷವನ್ನು ನೋಡಿ. ದೊಡ್ಡ ವೇದಿಕೆಯಿಂದ ಇಳಿದುಬಂದವನು ಕಸುಬುದಾರ ದಂಪತಿಗಳ ಮುಂದೆ ಕುಳಿತು ಪಾಠ ಕೇಳಿಸಿಕೊಂಡನು. ಅಲ್ಲಿಂದ ಅಖಾಯಕ್ಕೆ ಹೋಗಿ ಅಲ್ಲಿಯ ವಿಶ್ವಾಸಿಗಳಿಗೆ ಬಹಳ ಸಹಾಯ ಮಾಡಿದನೆಂದು ಲೂಕನು ಬರೆಯುತ್ತಾನೆ.

ಆ ಸಹಾಯದಿಂದ ಒಂದು ತೊಂದರೆಯೂ ಹುಟ್ಟಿತು. ಕೊರಿಂಥದ ಸಭೆಯಲ್ಲಿ ನಾನು ಪೌಲನವನು, ನಾನು ಅಪೊಲ್ಲೋಸನವನು ಎಂದು ಪಂಗಡಗಳಾದವು. ಇಬ್ಬರು ಬೋಧಕರು ಪರಸ್ಪರ ಶತ್ರುಗಳಾಗಲು ಇಷ್ಟು ಸಾಕು. ಸಭೆಯ ಚರಿತ್ರೆಯಲ್ಲಿ ಇದಕ್ಕಿಂತ ಕಡಿಮೆ ಕಾರಣಕ್ಕೆ ಶತ್ರುಗಳಾದವರು ಬಹಳ ಜನ. ನಾನು ಸಸಿಯನ್ನು ನೆಟ್ಟೆನು, ಅಪೊಲ್ಲೋಸನು ನೀರು ಹೊಯ್ದನು, ಬೆಳೆಸುತ್ತ ಬಂದವನು ದೇವರು ಎಂದು ಪೌಲನು ಅವರಿಗೆ ಬರೆದದ್ದು ನಿಮಗೆ ಗೊತ್ತಿದೆ. ಆದರೆ ಅದೇ ಪತ್ರದ ಕಡೆಯ ಅಧ್ಯಾಯದಲ್ಲಿ, ಹನ್ನೆರಡನೆಯ ವಚನದಲ್ಲಿ, ವಂದನೆಗಳ ಸ್ವಲ್ಪ ಮೊದಲು ಬರುವ ಒಂದು ಸಮಾಚಾರವನ್ನು ನಾವು ಓದಿ ದಾಟಿಬಿಡುತ್ತೇವೆ. ಸಹೋದರನಾದ ಅಪೊಲ್ಲೋಸನು ನಿಮ್ಮ ಬಳಿಗೆ ಬರಬೇಕೆಂದು ಪೌಲನೇ ಅವನನ್ನು ಬಹಳವಾಗಿ ಬೇಡಿಕೊಂಡಿದ್ದನು. ತನ್ನ ಹೆಸರಿನ ಪಂಗಡಕ್ಕೆ ಎದುರಾಗಿ ನಿಂತ ಪಂಗಡದ ನಾಯಕನನ್ನು, ಆ ಪಂಗಡವಿರುವ ಊರಿಗೇ ಹೋಗು ಎಂದು ಒತ್ತಾಯಿಸುವವರು ಎಷ್ಟು ಮಂದಿ ಸಿಗುತ್ತಾರೆ? ಅಪೊಲ್ಲೋಸನಿಗೆ ಆಗ ಹೋಗಲು ಸ್ವಲ್ಪವೂ ಮನಸ್ಸಿರಲಿಲ್ಲ. ಕಾರಣವನ್ನು ಪೌಲನು ಬರೆದಿಲ್ಲ. ಸಮಯ ಒದಗಿದಾಗ ಬರುವನು ಎಂದಷ್ಟೇ ತಿಳಿಸಿ, ಮುಂದಿನ ಮಾತಿಗೆ ಹೋಗುತ್ತಾನೆ.